ಕೇಳದೆ ಸಿಕ್ಕ ಮಾತು

೨ ನವೆಂಬರ್ ೧೯೫೯, ಸೋಮವಾರ

ಇವತ್ತಿನಿಂದ ದಿನಾ ಒಂದಿಷ್ಟು ಕನ್ನಡ ಬರೆಯಬೇಕು. ಇದು ಸಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರ ಸಲಹೆ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ ಎಂದರು, ಅದೊಂದು ಸಮಾಧಾನ.

ನಾನು ಮನೆಯಲ್ಲಿ ಕನ್ನಡ ಮಾತಾಡಿ, ಸಾಲೆಯಲ್ಲಿ ಉರ್ದು ಕಲಿತು, ಉರ್ದುವಿನಲ್ಲೇ ಇಷ್ಟು ವರ್ಷ ಭೂಗೋಳ ಕಲಿಸಿದವನು. ರಾಜ್ಯ ಬದಲಾಯಿತು, ಹೈದರಾಬಾದಿನಲ್ಲಿದ್ದ ನಾವು ಮೈಸೂರಿಗೆ ಸೇರಿದೆವು. ಸಾಲೆ ಕನ್ನಡವಾಯಿತು. ನಾನು ಹೆಚ್ಚುವರಿ ಮಾಸ್ತರನಾದೆ. ಹೆಚ್ಚುವರಿ ಎಂದರೆ, ಬೆಳಿಗ್ಗೆ ಹುಮನಾಬಾದಿನ ಕಚೇರಿಗೆ ಹೋಗಿ ಸಹಿ ಹಾಕಿ, ಯಾರೂ ಏನೂ ಹೇಳದಿದ್ದರೆ ಮನೆಗೆ ಬರುವುದು. ಯಾರೂ ಏನೂ ಹೇಳುವುದಿಲ್ಲ. ಕನ್ನಡ ಪರೀಕ್ಷೆ ಪಾಸಾದರೆ ಮತ್ತೆ ಸಾಲೆ ಸಿಗುತ್ತದಂತೆ. ನಮ್ಮ ಮುತ್ತಜ್ಜನ ಕಾಲದಿಂದ ಕನ್ನಡದಲ್ಲೇ ಜಗಳಾಡುತ್ತ ಬಂದ ಮನೆ ನಮ್ಮದು. ಅದರಲ್ಲಿ ಹುಟ್ಟಿದವನಿಗೆ ಕನ್ನಡ ಪರೀಕ್ಷೆ. ಇರಲಿ.

ಬಿಡುವು ಇದೆಯೆಂದು ಅಜೀಮುದ್ದೀನ್ ಸಾಹೇಬರ ಕೆಲಸ ಹಿಡಿದಿದ್ದೇನೆ. ನನಗೆ ಉರ್ದು ಕಲಿಸಿದ ಉಸ್ತಾದರು. ಈಗ ಬಸವಕಲ್ಯಾಣದಲ್ಲಿ ಇದ್ದಾರೆ. ಹೈದರಾಬಾದಿನಲ್ಲಿದ್ದಾಗ ಯಾರೋ ತುರ್ಕಿಯವರ ಹತ್ತಿರ ತುರ್ಕಿ ಭಾಷೆ ಕಲಿತವರು. ದಂಡಿನ ಜೊತೆ ಬಂದು, ದಂಡು ಹೋದ ಮೇಲೂ ನಮ್ಮ ಕಡೆಯ ಜನರ ಬಾಯಲ್ಲಿ ಉಳಿದುಕೊಂಡ ಹಳೆಯ ತುರ್ಕಿ ಶಬ್ದಗಳ ಮೇಲೆ ಒಂದು ಪುಸ್ತಕ ಬರೆಯುತ್ತಿದ್ದಾರೆ. ಪುಸ್ತಕ ಅರ್ಧ ಆಗುವಷ್ಟರಲ್ಲಿ ಅವರ ಕಿವಿ ಹೋಯಿತು. ಹೀಗಾಗಿ ಕಿವಿ ನನ್ನದು, ಉಳಿದದ್ದೆಲ್ಲ ಅವರದು.

೮ ನವೆಂಬರ್, ಭಾನುವಾರ

ಬಸವಕಲ್ಯಾಣಕ್ಕೆ ಹೋಗಿ ಬಂದೆ. ಊರಿನ ಹೆಸರು ಬದಲಾದರೂ ಬಸ್ಸಿನವನು ಇನ್ನೂ "ಕಲ್ಯಾಣಿ, ಕಲ್ಯಾಣಿ" ಎಂದೇ ಕೂಗುತ್ತಾನೆ.

ಅಜೀಮುದ್ದೀನ್ ಸಾಹೇಬರ ಕೆಲಸದ ಪದ್ಧತಿ ವಿಚಿತ್ರ. ಯಾರನ್ನೂ ಏನೂ ಕೇಳಬಾರದು. ಇದಕ್ಕೆ ಏನನ್ನುತ್ತೀರಿ, ಅದಕ್ಕೆ ಏನನ್ನುತ್ತೀರಿ ಎಂದು ವಿಚಾರಿಸಿದರೆ ಆ ಶಬ್ದ ಲೆಕ್ಕಕ್ಕಿಲ್ಲ. ಮನುಷ್ಯ ತನ್ನಷ್ಟಕ್ಕೆ ತಾನು ಮಾತಾಡುವಾಗ ಬಾಯಿಂದ ಬಿದ್ದರೆ ಮಾತ್ರ ಬರೆದುಕೊಳ್ಳಬೇಕು.

"ಮಾಸ್ಟರ್ ಸಾಬ್, ಕೇಳಿ ಹೇಳಿಸಿದ್ದು ಲಫ್ಜ್ ಅಲ್ಲ, ಗವಾಹಿ," ಎಂದರು. ಶಬ್ದವಲ್ಲ, ಸಾಕ್ಷಿ ಎಂದರ್ಥ. "ಕೋರ್ಟಿನಾಗ ನಿಂತಾವ ಖರೇ ಹೇಳಿದ್ರೂ ಅದು ಅವನ ದಿನದ ಮಾತಲ್ಲ."

ಒಂದೊಂದು ಶಬ್ದಕ್ಕೆ ಒಂದೊಂದು ಚೀಟಿ. ಶಬ್ದ ಯಾವುದು, ಯಾರು ಅಂದರು, ಯಾರಿಗೆ ಅಂದರು, ಯಾಕೆ ಅಂದರು, ಇಷ್ಟು ಬರೆಯಬೇಕು. ನಾನು ಹೇಳಬೇಕಾದದ್ದನ್ನು ಬಳಪದಿಂದ ಪಾಟಿಯ ಮೇಲೆ ಬರೆದು ತೋರಿಸುತ್ತೇನೆ. ಅವರು ಬಾಯಿಂದ ಉತ್ತರ ಕೊಡುತ್ತಾರೆ. ಕಿವಿ ಕೇಳದವರಾದ್ದರಿಂದ ಬಹಳ ಜೋರಾಗಿ ಕೊಡುತ್ತಾರೆ. ಓಣಿಯ ಜನಕ್ಕೆಲ್ಲ ಇಷ್ಟು ಹೊತ್ತಿಗೆ ತುರ್ಕಿ ಬಂದಿರಬೇಕು.

೧೧ ನವೆಂಬರ್

ದರ್ಜಿ ಮಹೆಬೂಬನ ಅಂಗಡಿಯಲ್ಲಿ ಕೂತೆ. ಅವನು ಊಟಕ್ಕೆ ಹೋಗುವ ಮೊದಲು ತಮ್ಮನಿಗೆ "ಆ ಕೈಂಚಿ ಕೊಡು" ಎಂದ. ಕೈಂಚಿ ತುರ್ಕಿ ಶಬ್ದ. ನಾವು ಕತ್ತರಿ ಎನ್ನುತ್ತೇವೆ. ಬರೆದುಕೊಂಡೆ. ಅದೇ ಅಂಗಡಿಯಲ್ಲಿ ಒಬ್ಬ ರೈತ ತನ್ನ ದಾಯಾದಿಯನ್ನು ಬೈಯುತ್ತ "ಅವಗ ಗೌಡನ ಕುಮ್ಮಕ್ಕು ಅದ" ಎಂದ. ಕುಮ್ಮಕ್ಕೂ ತುರ್ಕಿಯೇ. ಮೊದಲು ಅದರ ಅರ್ಥ ದಂಡಿನ ಸಹಾಯಕ್ಕೆ ಹಿಂದಿನಿಂದ ಬರುವ ಇನ್ನೊಂದು ದಂಡು. ಈಗ ಗೌಡ ಬರುತ್ತಾನೆ.

೧೩ ನವೆಂಬರ್

ಇವತ್ತಿನ ಶಬ್ದ ಖೀಮಾ. ಇದೂ ತುರ್ಕಿ, ಸಣ್ಣಗೆ ಕೊಚ್ಚಿದ್ದು ಎಂದರ್ಥ. ಅದನ್ನು ಕೇಳದೆ ಕೇಳಿಸಿಕೊಳ್ಳಬೇಕಾದರೆ ಕಸಾಯಿ ಅಂಗಡಿಯ ಎದುರು ಕೂಡುವುದೇ ದಾರಿ. ಕೂತೆ. ಹಣೆಯ ಮೇಲೆ ವಿಭೂತಿ ಇತ್ತು. ಒರೆಸಿಕೊಳ್ಳುವುದು ಮರ್ಯಾದೆಯಲ್ಲ ಎಂದು ಹಾಗೇ ಕೂತೆ. ಬೇಗ ಸಿಕ್ಕಿತು. ಆದರೆ ಅಷ್ಟರೊಳಗೆ ನಮ್ಮ ಮಠದ ಇಬ್ಬರು ಆ ದಾರಿಯಲ್ಲಿ ಬಂದರು. "ಏನ್ರಿ ಮಾಸ್ತರ, ಆರಾಮೇನ್ರಿ?" ಎಂದರು. ಆರಾಮ ಎಂದೆ. ಅವರು ಅಂಗಡಿಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ ಹೋದರು.

೧೯ ನವೆಂಬರ್, ಗುರುವಾರ

ಬಹಳ ಒಳ್ಳೆಯ ದಿನ.

ಮನ್ನಾಏಖೇಳ್ಳಿಯ ಬಸವಣಪ್ಪನವರು ನಮ್ಮ ಮಗಳು ಸುಂದರಬಾಯಿಯನ್ನು ನೋಡಲು ಬಂದಿದ್ದರು. ಜೊತೆಗೆ ಅವರ ಹೆಂಡತಿ, ಮಗ ವೀರಶೆಟ್ಟಿ. ರಸ್ತೆ ಮೇಲೇ ಅಂಗಡಿ, ಹಿಂದೆ ಹೊಲ, ಬಾವಿ. ಹುಡುಗ ಕೆಂಪಗೆ, ಗಟ್ಟಿಯಾಗಿದ್ದಾನೆ. ಮಾತೂ ಜೋರು. ಹೆಚ್ಚುವರಿ ಮಾಸ್ತರನ ಮಗಳಿಗೆ ಇದಕ್ಕಿಂತ ಹೆಚ್ಚು ಏನು ಸಿಗಬೇಕು?

ಚಹಾ ಕುಡಿಯುವಾಗ ಹುಡುಗನ ತಾಯಿಯ ಕೈ ತಪ್ಪಿ ಬಸಿಯಲ್ಲಿದ್ದ ಚಹಾ ಅವನ ಧೋತರದ ಮೇಲೆ ಚೆಲ್ಲಿತು. ಅವನು ತಟ್ಟನೆ "ಏ ಉಜಬಕ್! ಕಣ್ಣ ಕಾಣಂಗಿಲ್ಲೇನ?" ಎಂದ. ನಾನು ರೋಮಾಂಚನಗೊಂಡೆ. ಉಜಬಕ್! ಈ ಶಬ್ದಕ್ಕಾಗಿ ಸಾಹೇಬರು ಎಷ್ಟೋ ದಿನದಿಂದ ಕಾಯುತ್ತಿದ್ದಾರೆ. ಹಳೆಯವರ ಬಾಯಲ್ಲಿ ಇತ್ತು, ಈಗ ಸತ್ತೇಹೋಗಿದೆ ಎಂದು ಪೇಚಾಡುತ್ತಿದ್ದರು. ಅದು ನನ್ನ ಮನೆಯ ಪಡಸಾಲೆಯಲ್ಲಿ, ಕನ್ನಡ ಮಾತಿನ ನಡುವೆ, ಕೇಳದೆ ಬಂದು ಬಿದ್ದಿತು. ಅಂಗಿಯ ಕಿಸೆಯಿಂದ ಚೀಟಿ ತೆಗೆದು ಅಲ್ಲೇ ಬರೆದುಕೊಂಡೆ. ಬಸವಣಪ್ಪನವರು ಮುಹೂರ್ತ ಬರೆದುಕೊಳ್ಳುತ್ತಿದ್ದೇನೆ ಎಂದು ತಿಳಿದು ಬಹಳ ಖುಷಿಯಾದರು.

ನಮ್ಮ ಕಡೆ ಪದ್ಧತಿ ಎಂದರೆ, ಹುಡುಗಿಯ ತಾಯಿಗೆ ಒಪ್ಪಿಗೆಯಾದರೆ ಆಕೆಯೇ ಒಳಗಿಂದ ಸಕ್ಕರೆ ಬಟ್ಟಲು ತಂದು ನಡುವೆ ಇಡುತ್ತಾಳೆ. ಗಂಡಸರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿದರೆ ಸಂಬಂಧ ನಿಂತಂತೆ. ನನ್ನ ಹೆಂಡತಿ ಸೂಗಮ್ಮ ಬಟ್ಟಲು ತರಲೇ ಇಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು. ನಾನೇ ಒಳಗೆ ಹೋಗಿ ಗೋಡೆಯ ಮಾಡದಿಂದ ತೆಗೆದುಕೊಂಡು ಬಂದೆ. ಅವಳು ಒಲೆಯ ಮುಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಸಕ್ಕರೆ ಆಯಿತು. ಸಂಕ್ರಾಂತಿ ಕಳೆದ ಮೇಲೆ ಮದುವೆ.

೨೦ ನವೆಂಬರ್

ಸೂಗಮ್ಮ ಮಾತು ಬಿಟ್ಟಿದ್ದಾಳೆ. ಕಾರಣ ತಿಳಿಯದು.

೨೧ ನವೆಂಬರ್

ಮಾತು ಬಿಟ್ಟಿದ್ದಾಳೆ ಎಂದರೆ ನನ್ನ ಜೊತೆ ಮಾತ್ರ. ಎಮ್ಮೆಯ ಜೊತೆ ಆಡುತ್ತಾಳೆ. ನಾನು ಮನೆಗೆ ಬಂದರೆ ಎಮ್ಮೆಗೆ "ನಿನ್ನ ಯಜಮಾನ್ರು ಬಂದ್ರು, ರೊಟ್ಟಿ ಆಗ್ಯಾವ ಅಂತ ಹೇಳ" ಎನ್ನುತ್ತಾಳೆ. ನಾನೂ ಎಮ್ಮೆಯ ಕಡೆ ತಿರುಗಿ "ಪಲ್ಯಾ ಏನದ ಅಂತ ಕೇಳ" ಎಂದೆ. "ಬಾಯಾಗ ಇನ್ನೂ ಸಕ್ಕರಿ ಇರಬೇಕಲ್ಲ, ಪಲ್ಯಾ ಯಾಕ ಅಂತ ಹೇಳ," ಎಂದಳು. ಎಮ್ಮೆ ಮೇವು ಮೆಲ್ಲುತ್ತಿತ್ತು.

ಸುಂದರಾಗೆ ಸಿಹಿ ಸುದ್ದಿಯೆಂದು ಹುಮನಾಬಾದಿನ ಬಜಾರಿನಿಂದ ಹಸಿರು ಬಳೆ ತಂದುಕೊಟ್ಟೆ. ಹಾಕಿಕೊಂಡಿಲ್ಲ. ಅಳತೆ ಸಣ್ಣದಾಗಿರಬೇಕು.

೨೨ ನವೆಂಬರ್, ಭಾನುವಾರ

ಮೊದಲ ಬಸ್ಸಿಗೇ ಬಸವಕಲ್ಯಾಣಕ್ಕೆ ಹೋದೆ. ಪಾಟಿಯ ಮೇಲೆ ದೊಡ್ಡದಾಗಿ "ಉಜಬಕ್" ಎಂದು ಬರೆದು ತೋರಿಸಿದಾಗ ಸಾಹೇಬರ ಕಣ್ಣಲ್ಲಿ ನೀರೇ ಬಂತು. "ಜೀವಂತ ಅದನಾ! ಜೀವಂತ ಅದ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ಒಳಗಿಂದ ಸೊಸೆ ಲತೀಫಾ ಗಾಬರಿಯಾಗಿ ಓಡಿ ಬಂದಳು.

ಆಮೇಲೆ ವಿವರಿಸಿದರು. ಉಜಬಕ್ ಎಂಬುದು ದೂರದ ಒಂದು ಜನಾಂಗದ ಹೆಸರು. ಕುದುರೆಯ ಮೇಲೆ ಬದುಕಿದ ಜನ. ಅವರು ಹಿಂದೂಸ್ಥಾನಕ್ಕೆ ಬಂದಾಗ ದರ್ಬಾರಿನ ನಾಜೂಕು ಮಂದಿ ಅವರ ಮಾತು, ಊಟ, ನಡೆಯನ್ನು ಕಂಡು ನಗುತ್ತಿದ್ದರಂತೆ. ಹಾಗೆ ನಗುತ್ತ ನಗುತ್ತ ಆ ಹೆಸರೇ ಗಮಾರ, ತಿಳಿಗೇಡಿ ಎಂಬ ಬೈಗುಳವಾಯಿತು. ಜನ ಅಲ್ಲೆಲ್ಲೋ ಉಳಿದರು, ಬೈಗುಳ ಇಲ್ಲಿಯ ತನಕ ನಡೆದು ಬಂತು.

ಚೀಟಿ ಕೊಟ್ಟೆ. ಓದಿ ನೋಡಿ, "ಯಾರಿಗೆ ಅಂದ್ರು, ಬರ್ದಿಲ್ಲ" ಎಂದರು. ಅವಸರದಲ್ಲಿ ಬಿಟ್ಟುಹೋಗಿತ್ತು. ಪಾಟಿಯ ಮೇಲೆ "ತಾಯಿಗೆ" ಎಂದು ಬರೆದೆ.

"ಅಂದಾವ ನಿಮಗ ಏನ್ ಆಗ್ಬೇಕು?"

"ನಮ್ಮ ಅಳಿಯ ಆಗುವವರು" ಎಂದು ಬರೆದೆ.

ಸಾಹೇಬರು ಪಾಟಿಯನ್ನು ನನ್ನಿಂದ ತೆಗೆದುಕೊಂಡರು. ಆಮೇಲೆ ತಮ್ಮ ಕೈಯಿಂದಲೇ ಅದನ್ನು ಒರೆಸಿ, "ಚಹಾ ಕುಡೀರಿ" ಎಂದರು. ಬಹಳ ಮೆಲ್ಲಗೆ ಹೇಳಿದರು. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ಅಪರೂಪದ ಶಬ್ದ ತಂದರೂ ಚೀಟಿಯನ್ನು ಪೆಟ್ಟಿಗೆಗೆ ಹಾಕಲಿಲ್ಲ. ಮೇಜಿನ ಮೇಲೇ ಬಿಟ್ಟರು. ನನ್ನ ಅಕ್ಷರ ಹಿಡಿಸಲಿಲ್ಲವೋ ಏನೋ.

೨೬ ನವೆಂಬರ್

ಕಚೇರಿಯಲ್ಲಿ ಸಹಿ ಹಾಕಿದೆ.

೩೦ ನವೆಂಬರ್, ಸೋಮವಾರ

ನಿನ್ನೆಯೂ ಸಾಹೇಬರ ಹತ್ತಿರ ಹೋಗಿದ್ದೆ. ಬೆಂಕಿ ಹೊತ್ತಿಸುವ ಚಕಮಕಿ ತುರ್ಕಿ, ಹಾಸಿಗೆಗೆ ಅನ್ನುವ ತೋಶಕ ತುರ್ಕಿ. ಎರಡೂ ಚೀಟಿ ಪೆಟ್ಟಿಗೆಗೆ ಹೋದವು. ಮೇಜಿನ ಮೇಲೆ ಆ ಚೀಟಿ ಹಾಗೇ ಇದೆ, ಮೇಲೆ ಒಂದು ಶಾಯಿಯ ದೌತಿ ಇಟ್ಟಿದ್ದಾರೆ. ಏನು ತಪ್ಪಾಗಿದೆ ಎಂದು ಪಾಟಿಯ ಮೇಲೆ ಬರೆದು ಕೇಳಿದೆ.

"ತಪ್ಪಿಲ್ಲ. ಮೆಹನತಿನ ಚೀಟಿ, ಕಷ್ಟಪಟ್ಟು ತಂದೀರಿ," ಎಂದರು. ಆಮೇಲೆ, "ಮಗಳು ಏನಂತಾಳ?" ಎಂದು ಕೇಳಿದರು.

ಮಗಳು ಏನನ್ನುತ್ತಾಳೆ? ಸಕ್ಕರೆ ಆದ ಮೇಲೆ ಅವಳು ಏನನ್ನಬೇಕು? ಆದರೂ ಉಸ್ತಾದರು ಕೇಳಿದ್ದಾರೆ, ಮುಂದಿನ ಭಾನುವಾರ ಏನಾದರೂ ಉತ್ತರ ಹೇಳಬೇಕು. ಇವತ್ತು ಸುಂದರಾಳನ್ನು ಕರೆದು, "ಯವ್ವಾ, ನಿನಗ ಈ ಸಂಬಂಧ ಒಪ್ಪಿಗಿ ಅದ ಇಲ್ಲ?" ಎಂದು ಕೇಳಿದೆ.

"ನೀವು ಹ್ಯಾಂಗ ಅಂತೀರಿ ಹಂಗಪ್ಪಾ," ಎಂದಳು.

ಸೂಗಮ್ಮ ಕೊಟ್ಟಿಗೆಯಿಂದ ಎಮ್ಮೆಗೆ, "ಕೋರ್ಟ್ ನಡದದ, ಕೇಳ್ದೇನ?" ಎಂದಳು. ಗವಾಹಿ, ಕೋರ್ಟು ಎಂದೆಲ್ಲ ಸಾಹೇಬರು ಹೇಳಿದ್ದನ್ನು ಹಿಂದೆ ನಾನೇ ಅವಳಿಗೆ ಹೇಳಿದ್ದೆ. ಹೇಳಬಾರದಿತ್ತು.

ಉತ್ತರ ಸಿಕ್ಕಿದೆ. ಆದರೆ ಚೀಟಿಗೆ ಹಾಕುವಂತಹ ಉತ್ತರವಲ್ಲ. ಇವಳೂ ಕೋರ್ಟಿನಲ್ಲಿ ನಿಂತವಳ ಹಾಗೆ ಹೇಳಿದ್ದು.

೩ ಡಿಸೆಂಬರ್

ಕಚೇರಿಯಿಂದ ಬಂದು, ಮನೆಯೊಳಗೆ ಕೂಡದೆ ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಪರೀಕ್ಷೆಯ ಪುಸ್ತಕ ಕೈಯಲ್ಲಿತ್ತು. ಓದಲಿಲ್ಲ, ಕಿವಿ ಒಳಗಿತ್ತು. ಸುಂದರಾ ಒಳಗೆ ಬರೀ ಕಸ ಹೊಡೆದಳು. ಒಂದು ಮಾತೂ ಇಲ್ಲ.

ಈ ಹುಡುಗಿ ಮೊದಲು ಇಷ್ಟು ಸುಮ್ಮನೆ ಇರುತ್ತಿರಲಿಲ್ಲ ಎನಿಸುತ್ತದೆ. ಖಾತ್ರಿ ಹೇಳಲಾರೆ. ನಾನು ಗಮನಿಸಿರಲಿಲ್ಲ.

೪ ಡಿಸೆಂಬರ್

ಮತ್ತೆ ಕೂತೆ. ಸೂಗಮ್ಮ ಎಮ್ಮೆಗೆ, "ಇವರು ಮನಿಯಾಗೂ ಚಾಕರಿ ಸುರು ಮಾಡ್ಯಾರ," ಎಂದಳು.

೮ ಡಿಸೆಂಬರ್, ಮಂಗಳವಾರ

ಮೊನ್ನೆ ಭಾನುವಾರ ಸಾಹೇಬರಿಗೆ ಮೈ ಸರಿಯಿಲ್ಲ ಎಂದು ಸುದ್ದಿ ಬಂದಿತ್ತು, ಹೋಗಲಿಲ್ಲ.

ಇವತ್ತು ಸಂಜೆ ಬಾಜೂ ಮನೆಯ ಗಯಾಬಾಯಿ ರೊಟ್ಟಿ ತಟ್ಟಲು ಬಂದಿದ್ದಳು. ಸುಂದರಾಳ ಓರಗೆಯವಳು, ಹೋದ ವರ್ಷ ಮದುವೆಯಾಗಿ ಈಗ ತವರಿಗೆ ಬಂದಿದ್ದಾಳೆ. ಇಬ್ಬರೂ ಒಲೆಯ ಮುಂದೆ. ನಾನು ಕಂಬದ ಮರೆಗೆ. ಮೊದಲು ಗಯಾಬಾಯಿ ತನ್ನ ಅತ್ತೆಯ ವಿಚಾರ ಹೇಳಿದಳು, ಉದ್ದಕ್ಕೆ ಹೇಳಿದಳು. ಆಮೇಲೆ, "ನಿಂದೇನ ಬಿಡ, ಅಂಗಡಿ ಅದ, ಹೊಲ ಅದ, ಹುಡುಗ ಛಂದ ಇದ್ದಾನಂತ" ಎಂದಳು.

ಸುಂದರಾ ತಟ್ಟಿದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಆಮೇಲೆ ಹೇಳಿದಳು: "ಆ ಅವ್ವ ಚಹಾ ಚೆಲ್ಲಿದಾಗ ಅವಾ ಏನೋ ಅಂದ. ಆಕಿ ತನ್ನ ಸೆರಗಿಲೆ ಅವನ ಧೋತ್ರ ಒರಸಿದಳು. ಒರಸಿ, ನಮ್ಮ ಕಡಿ ನೋಡಿ ನಕ್ಕಳು. ನನಗ ಆ ನಗು ನೋಡಿ ಅಂಜಿಕಿ ಆತು ಗಯಾ. ಇನ್ನ ಇಪ್ಪತ್ತು ವರ್ಷಕ್ಕ ನಾನೂ ಹಂಗ ನಗ್ತೀನಿ."

"ಮತ್ತ ಅಪ್ಪಗ ಹೇಳ್ಬೇಕಿಲ್ಲ?"

"ಅಪ್ಪ ಅಲ್ಲೇ ಕುಂತಿದ್ದ. ಕೇಳಿಸ್ಕೊಂಡ. ಬರ್ಕೊಂಡ ಬ್ಯಾರೆ."

೯ ಡಿಸೆಂಬರ್

ಇವತ್ತು ಏನೂ ಬರೆಯುವುದಿಲ್ಲ.

೧೦ ಡಿಸೆಂಬರ್

ಸಕ್ಕರೆ ಆದ ಸಂಬಂಧವನ್ನು ಮುರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದೆ. ಹುಡುಗಿಯಲ್ಲಿ ಏನೋ ಐಬು ಇದೆ ಎನ್ನುತ್ತಾರೆ. ಚಿಟಗುಪ್ಪದಿಂದ ಬೀದರದ ತನಕ ಸುದ್ದಿ ಹೋಗುತ್ತದೆ. ಮತ್ತೊಂದು ಸಂಬಂಧ ಬರಲು ವರ್ಷಗಳು ಹಿಡಿಯಬಹುದು, ಬರದೆಯೂ ಇರಬಹುದು. ನನ್ನನ್ನಂತೂ ಮಾತಿಗೆ ತಪ್ಪಿದವನು ಎನ್ನುತ್ತಾರೆ. ಇದನ್ನೆಲ್ಲ ಎಮ್ಮೆಯ ಮುಂದೆ ನಿಂತು ಹೇಳಿದೆ. ಸೂಗಮ್ಮ ಹಿಂಡುತ್ತಿದ್ದಳು. ಈ ಸಲ ಎಮ್ಮೆಗೂ ಏನೂ ಹೇಳಲಿಲ್ಲ.

ನನಗೆ ಭಯವಾಗಿದೆ. ಕನ್ನಡದಲ್ಲಿ ಬರೆದರೂ ಅಷ್ಟೇ ಇದೆ, ಉರ್ದುವಿನಲ್ಲಿ ಬರೆದರೂ ಅಷ್ಟೇ.

೧೩ ಡಿಸೆಂಬರ್, ಭಾನುವಾರ

ಬಸವಕಲ್ಯಾಣಕ್ಕೆ ಹೋಗಲಿಲ್ಲ. ಮನ್ನಾಏಖೇಳ್ಳಿಯ ಬಸ್ಸು ಹತ್ತಿದೆ.

ಬಸವಣಪ್ಪನವರು ಅಂಗಡಿಯಲ್ಲಿ ಗಾದಿಯ ಮೇಲೆ ಕೂತಿದ್ದರು. ಬಹಳ ಆದರ ಮಾಡಿದರು. ಬರ್ರಿ ಬೀಗರ, ಕೂಡ್ರಿ ಬೀಗರ. ನೀರು ಬಂತು, ಮುಟ್ಟಲಿಲ್ಲ. ಏನು ಹೇಳಬೇಕೆಂದು ಬಸ್ಸಿನಲ್ಲಿ ಕಂಠಪಾಠ ಮಾಡಿಕೊಂಡು ಹೋಗಿದ್ದೆ. ಅದೆಲ್ಲ ಮರೆತುಹೋಯಿತು. "ನಮ್ಮ ಹುಡುಗಿನ ಕೊಡಂಗಿಲ್ರಿ," ಎಂದುಬಿಟ್ಟೆ.

"ಯಾಕ್ರಿ? ಯಾರರ ಏನರ ಹೇಳ್ಯಾರೇನ್?"

"ಯಾರೂ ಹೇಳಿಲ್ಲ. ನಾನ ಕೇಳೀನಿ. ಹುಡುಗ ಅವರವ್ವಗ ನಮ್ಮ ಮನಿಯಾಗ ಉಜಬಕ್ ಅಂದಾರ."

ಅವರು ಇನ್ನೂ ಏನೋ ಇದೆ ಎಂದು ಕಾಯುತ್ತಿದ್ದರು. ಏನೂ ಇಲ್ಲ ಎಂದು ತಿಳಿದ ಮೇಲೆ ಜೋರಾಗಿ ನಕ್ಕರು. "ಇದಾ? ಅದು ನಮ್ಮ ಮನಿಯಾಗ ದಿನಾ ಅನ್ನೋ ಮಾತ್ರಿ ಮಾಸ್ತರ! ನಮ್ಮಪ್ಪ ನಮ್ಮವ್ವಗ ಅಂತಿದ್ದ. ನಾ ಈಕಿಗಿ ಅಂತೀನಿ. ಹುಡುಗ ಕೇಳಿ ಕಲ್ತಾನ. ಬೈಗಳ ಅಲ್ಲದು, ರೂಢಿ."

"ಅದಕ್ಕ ಬ್ಯಾಡ್ರಿ," ಎಂದೆ.

ಆಗ ಅವರ ನಗು ನಿಂತಿತು. ವೀರಶೆಟ್ಟಿ ಒಳಗಿಂದ ಬಂದ. ಇಬ್ಬರೂ ಸೇರಿ ನನಗೆ ಹೇಳಬೇಕಾದದ್ದನ್ನೆಲ್ಲ ಹೇಳಿದರು. ಬಸ್ಸಿಗೆ ನಿಂತಿದ್ದ ಜನ ಅಂಗಡಿಯ ಮುಂದೆ ಬಂದು ಕೂಡಿದರು. ಕೊನೆಗೆ ಬಸವಣಪ್ಪನವರು, "ನೀವೇನ್ ಬ್ಯಾಡ ಅನ್ನೋದು? ಇಭೂತಿ ಹಚ್ಕೊಂಡು ಕಸಾಯಿ ಅಂಗಡಿ ಮುಂದ ಕೂಡ್ತೀರಿ ಅಂತ ನಮಗೂ ಗೊತ್ತದ. ಇಂಥ ಮನಿ ಹೆಣ್ಣ ನಾವೇ ಬ್ಯಾಡ ಅಂದೀವಿ, ಊರಿಗೆಲ್ಲ ಹಂಗೇ ಹೇಳ್ತೀವಿ," ಎಂದರು.

ಖೀಮಾ ಎಂಬ ಶಬ್ದದ ಮೂಲ ಹೇಳಬಹುದಿತ್ತು. ಆದರೆ ಅವರು ಹೇಳಿದ್ದನ್ನು ಯೋಚಿಸಿದೆ. ಹೀಗೆ ಸುದ್ದಿಯಾದರೆ ಐಬು ಅಪ್ಪನದಾಗುತ್ತದೆ, ಹುಡುಗಿಯದಲ್ಲ. "ಹಂಗೇ ಹೇಳ್ರಿ," ಎಂದು ಕೈಮುಗಿದು ಎದ್ದೆ. ಅವರಿಗೆ ಅದು ಇನ್ನೂ ಸಿಟ್ಟು ತರಿಸಿತು.

ಬಸ್ಸು ಬಹಳ ಹೊತ್ತು ಬರಲಿಲ್ಲ. ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಹುಡುಗನ ತಾಯಿ ಖಾಲಿ ಕೊಡ ಹಿಡಿದು ಹಿಂದಿನ ಓಣಿಯಿಂದ ಬಂದರು. ಬಾವಿ ಆ ಕಡೆ ಇಲ್ಲ, ಅಷ್ಟು ನನಗೂ ಕಂಡಿತು. ಹೊಡೆಯಲು ಬಂದರೂ ಸರಿ ಎಂದು ನಿಂತೆ.

"ಅಣ್ಣಾ, ನೀವು ಸಾಲಿ ಮಾಸ್ತರಲ್ಲ, ಒಂದು ಕೇಳ್ತೀನಿ," ಎಂದರು. "ಆ ಮಾತಿಗೆ ಅರ್ಥ ಏನ್ರಿ? ಮದುವ್ಯಾಗಿ ಬಂದಾಗಿಂದ ಕೇಳಾಕತ್ತೀನಿ. ಯಾರಿಗಿ ಕೇಳ್ಲಿ?"

ನಾನು ಹೇಳಿದೆ. ಸಾಹೇಬರು ಹೇಳಿದ್ದನ್ನೇ ಹೇಳಿದೆ. ಅದು ಬೈಗುಳವಾಗಿ ಹುಟ್ಟಿದ್ದಲ್ಲ, ದೂರದ ಒಂದು ಜನದ ಹೆಸರು. ಗುಡ್ಡಗಳ ಆಚೆ ಇದ್ದಾರೆ. ಕುದುರೆ ಸವಾರಿಯಲ್ಲಿ ಹೆಸರಾದವರು. ಅವರ ಮಾತು ತಿಳಿಯದ ಮಂದಿ ಅವರನ್ನು ನೋಡಿ ನಕ್ಕರು, ಅದೇ ಉಳಿಯಿತು.

ಅವರು ಗಮನವಿಟ್ಟು ಕೇಳಿದರು. ನನ್ನ ಇಷ್ಟು ವರ್ಷದ ಮಾಸ್ತರಿಕೆಯಲ್ಲಿ ಯಾರೂ ಹಾಗೆ ಕೇಳಿದ್ದಿಲ್ಲ.

"ಈಗೂ ಅದಾರೇನ್ರಿ, ಆ ಮಂದಿ?"

"ಅದಾರ."

"ಅವರಿಗಿ ಗೊತ್ತದೇನ್ರಿ?"

"ಏನು?"

"ಇಲ್ಲಿ ಅವರ ಹೆಸರು ಹಿಡಿದು ನನಗ ಕರೀತಾರಂತ."

ಗೊತ್ತಿರಲಿಕ್ಕಿಲ್ಲ ಎಂದೆ. ಅವರು ತಲೆಯಾಡಿಸಿದರು. ಕೊಡವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಛಲೋ ಮಾಡಿದ್ರಿ ಅಣ್ಣಾ. ಹುಡುಗಿಗಿ ಹೇಳ್ರಿ, ನಾ ಹಂಗಂದೆ ಅಂತ," ಎಂದು ಹೋದರು.

ಮನೆಗೆ ಬಂದಾಗ ದೀಪ ಹಚ್ಚಿದ್ದರು. ಸಂಬಂಧ ಮುರಿದದ್ದನ್ನೂ ಹುಡುಗನ ತಾಯಿ ಅಂದ ಮಾತನ್ನೂ ಸುಂದರಾಗೆ ಹೇಳಿದೆ. ಅವಳು ನನ್ನ ಕಾಲಿಗೆ ನೀರು ತಂದಿಟ್ಟು, ಒಳಗೆ ಹೋಗಿ ಅತ್ತಳು. ಅಳು ಕೇಳಿಸಿತು.

ಸೂಗಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನ ಎದುರಿಗೆ ಬಂದು ಕೂತು, ನನ್ನ ಮುಖ ನೋಡಿಯೇ ಕೇಳಿದಳು:

"ಆ ಅವ್ವನ ಹೆಸರೇನ್ರಿ?"

ಇಷ್ಟು ದಿನಗಳ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು. ಉತ್ತರ ಕೊಡಬೇಕೆಂದು ಬಹಳ ಆಸೆಯಾಯಿತು.

"ಕೇಳಲಿಲ್ಲ," ಎಂದೆ.